ಒಮ್ಮೆ ಅಗೆದ ಮಣ್ಣು ಮತ್ತೆ ಸಿಗೋದಿಲ್ಲ

ನಮ್ಮೂರು ನಿಡೋಣಿ, ಬಬಲೇಶ್ವರ ತಾಲ್ಲೂಕು. ಇತಿಹಾಸ ಅಂದ್ರ ನಮಗ ಮೊದಲು ನೆನಪಾಗೋದು ವಿಜಯಪುರದ ಗೋಳಗುಮ್ಮಟ. ಅದು ನೆಲದ ಮ್ಯಾಲೆ ನಿಂತದ, ದೂರದಿಂದನೇ ಕಾಣ್ತದ. ಇವತ್ತು ನಾನು ಹೇಳೋದು ನೆಲದ ಒಳಗಿರೋ ಊರಿನ ಕತೆ. ಹೆಸರು ಸನ್ನತಿ. ನಮ್ಮ ಜಿಲ್ಲೆಯ ಅಂಚಿನಾಗ ಹರಿಯೋ ಭೀಮಾ ನದಿನೇ ಮುಂದ ಕಲಬುರಗಿ ಜಿಲ್ಲೆಯೊಳಗ ಸನ್ನತಿಗೆ ಹೋಗತದ.

1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಬಿದ್ದದ್ದನ್ನು ತೆಗೆಯುವಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅದು ಅಶೋಕನ ಶಾಸನ! ಮುಂದೆ 1994ರಿಂದ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಶುರು ಮಾಡಿತು. ಸುಮಾರು ಎರಡು ಸಾವಿರ ವರ್ಷ ಹಿಂದಿನ ದೊಡ್ಡ ಬೌದ್ಧ ಸ್ತೂಪ ಹೊರಗ ಬಂತು. ಒಂದು ಶಿಲ್ಪದಾಗ ರಾಜ ನಿಂತಾನ, ಜೊತೆಗೆ ರಾಣಿ, ಪರಿಚಾರಕಿಯರು. ಮೇಲೆ ಹೆಸರೇ ಕೆತ್ತ್ಯಾರ: ‘ರಾಯ ಅಸೋಕ’.

ಹತ್ತಿರದಲ್ಲೇ ರಣಮಂಡಲ ಅಂತ ಕೋಟೆ ಇದ್ದ ಜಾಗ ಅದ. ಅದರ ಬಹುಭಾಗ ಇನ್ನೂ ಮಣ್ಣಿನೊಳಗೇ ಇದೆ. ‘ಜೆಸಿಬಿ ತಂದು ಒಂದೇ ವಾರದಾಗ ಅಗಿಬಹುದಲ್ಲ’ ಅಂತ ನಿಮಗ ಅನಿಸಬಹುದು. ಆದರೆ ಉತ್ಖನನ ಅಂದ್ರ ನಿಧಿ ಹುಡುಕೋದಲ್ಲ. ಒಂದು ಮಡಕೆ ಚೂರು ಯಾವ ಪದರದಾಗ, ಯಾವುದರ ಪಕ್ಕ ಇತ್ತು ಅನ್ನೋದೇ ಅದರ ವಯಸ್ಸು ಹೇಳೋದು. ಪದರ ಕಲಸಿಹೋದರ ಚೂರು ಉಳಿತದ, ಕತೆ ಹೋಗತದ.

ಲೆಬನಾನಿನ ಬಿಬ್ಲೋಸ್ ನೋಡ್ರಿ, ಫಿನೀಷಿಯನ್ನರ ಹಳೇ ಬಂದರು ನಗರ. ಅಲ್ಲಿ 1920ರ ದಶಕದಲ್ಲಿ ಶುರುವಾದ ಅಗೆತ 1975ರವರೆಗೂ ನಡೀತು. ಮೊರಿಸ್ ದ್ಯುನಾ ಅನ್ನೋ ಫ್ರೆಂಚ್ ತಜ್ಞರು ಮಣ್ಣಿನ ಸಹಜ ಪದರ ಹಿಡಿಯದೆ, ಅಳತೆ ಹಾಕಿ 20 ಸೆಂಟಿಮೀಟರಿನಂತೆ ಸಮನಾಗಿ ತೆಗೆಸಿದರು. ಬೇರೆಬೇರೆ ಕಾಲದ ವಸ್ತುಗಳು ಒಂದೇ ಲೆಕ್ಕದಾಗ ಸೇರಿದವು. ಯಾವುದು ಯಾವ ಕಾಲದ್ದು ಅಂತ ಬಿಡಿಸೋಕೆ ವಿದ್ವಾಂಸರು ಇವತ್ತಿಗೂ ಹೆಣಗತಾರ.

ಸನ್ನತಿಯ ಪಾಠ ಬೇರೆ. ಅಲ್ಲಿ ಅಗೆದ ಮ್ಯಾಲೆ, ಎಷ್ಟೋ ಶಿಲ್ಪಗಳು ಸುಮಾರು ಎರಡು ದಶಕ ಬಯಲಾಗೇ ಬಿದ್ದಿದ್ದವು. ಮಣ್ಣು ಎರಡು ಸಾವಿರ ವರ್ಷ ಕಾದಿಟ್ಟಿದ್ದನ್ನ ಬಿಸಿಲು-ಮಳಿಗೆ ಬಿಟ್ಟಂಗಾಯ್ತು. 2022ರ ಹೊತ್ತಿಗೆ ಸಂರಕ್ಷಣೆ ಕೆಲಸ ಶುರುವಾಯಿತು. ಅಗಿಯೋದು ಅರ್ಧ ಕೆಲಸ, ಕಾಪಾಡೋದು ಉಳಿದರ್ಧ. ಆ ಉಳಿದರ್ಧಕ್ಕ ರೊಕ್ಕ, ಜನ ಇಲ್ಲಂದ್ರ, ಮಣ್ಣಾಗೇ ಇರೋದು ಚಲೋ.

ಹೊಲ ಹೂಡುವಾಗ, ಮನೆಯ ಪಾಯ ತೋಡುವಾಗ ನಮ್ಮ ಭಾಗದಾಗೂ ಅಕ್ಷರದ ಕಲ್ಲು, ಹಳೇ ಮಡಕೆ ಸಿಗಬಹುದು. ಎತ್ತಬ್ಯಾಡ್ರಿ, ತೊಳಿಬ್ಯಾಡ್ರಿ, ಕುಂಕುಮ-ಎಣ್ಣಿ ಹಚ್ಚಬ್ಯಾಡ್ರಿ. ಇದ್ದಲ್ಲೇ ಮೊಬೈಲಿನಾಗ ಫೋಟೋ ತಗೊಂಡು, ಲೊಕೇಶನ್ ಸಮೇತ ತಹಶೀಲ್ದಾರ್ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸ್ರಿ. ಕಲ್ಲಿನಷ್ಟೇ ಅದು ಸಿಕ್ಕ ಜಾಗಕ್ಕೂ ಬೆಲೆ ಅದ.