ಆಟದ ಅಂಕಣ ಮತ್ತು ಆಟಗಾರರ ಗಾಯಗಳು
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ಸಂದರ್ಭದಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯದ ಹೋಬಳಿ ವಿರಳ. ಕರಪತ್ರದಲ್ಲಿ ಬಹುಮಾನದ ಮೊತ್ತ, ಅತಿಥಿಗಳ ಹೆಸರು, ಊಟದ ವ್ಯವಸ್ಥೆ ಎಲ್ಲಕ್ಕೂ ಸ್ಥಳವಿರುತ್ತದೆ. ಅಂಕಣದ ಮಣ್ಣನ್ನು ಯಾರು, ಯಾವಾಗ ಹದಗೊಳಿಸುವರು ಎಂಬುದು ಮಾತ್ರ ಹಿಂದಿನ ಸಂಜೆಯವರೆಗೂ ತೀರ್ಮಾನವಾಗಿರುವುದಿಲ್ಲ. ಆಟಗಾರನ ಮೊಣಕಾಲು ಉಳಿಯುವುದು ಬಹುಮಟ್ಟಿಗೆ ಆ ಸಂಜೆಯ ಕೆಲಸವನ್ನೇ ಅವಲಂಬಿಸಿದೆ.

ಗಾಯವಾದಾಗ ಅದನ್ನು ಗ್ರಹಚಾರವೆಂದು ಹೇಳಿ ಸುಮ್ಮನಾಗುವುದುಂಟು. ಆದರೆ ಗಾಯಕ್ಕೆ ಕಾರಣವಿದೆ. ದಾಳಿಗೆ ಹೋದ ಆಟಗಾರನು ವೇಗವಾಗಿ ನುಗ್ಗಿ, ತಟ್ಟನೆ ನಿಂತು, ಹಿಂದಿರುಗುತ್ತಾನೆ. ಆ ಕ್ಷಣದಲ್ಲಿ ಪಾದವು ನೆಲದಲ್ಲಿ ಸಿಕ್ಕಿಕೊಂಡು ದೇಹವಷ್ಟೇ ತಿರುಗಿದರೆ, ತಿರುಚುವ ಬಲವೆಲ್ಲವೂ ಮೊಣಕಾಲಿನ ಮೇಲೆ ಬೀಳುತ್ತದೆ. ಕೀಲಿನೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಹೀಗೆ. ಎದುರಾಳಿ ಮುಟ್ಟದೆಯೂ ಇದು ಸಂಭವಿಸಬಹುದು. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಾದರೆ ಪುನಃ ಅಂಕಣಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಕೂಲಿಯಿಂದ ನಡೆಯುವ ಮನೆಯ ಹುಡುಗನಿಗೆ ಇದು ಆಟದ ಪ್ರಶ್ನೆಯಷ್ಟೇ ಅಲ್ಲ. ಮೂಟೆ ಹೊರುವ, ಗದ್ದೆಗಿಳಿಯುವ ಕಾಲೂ ಅದೇ. ಹುಡುಗಿಗೆ ಹೀಗಾದರೆ ಮನೆಯವರು ಮತ್ತೆ ಆಟಕ್ಕೆ ಕಳುಹಿಸುವುದೇ ಕಷ್ಟ.

ನೆಲವು ಅತಿ ಗಟ್ಟಿಯಾಗಿದ್ದರೆ ಬಿದ್ದವರ ಭುಜ, ಮಣಿಕಟ್ಟು ಪೆಟ್ಟು ತಿನ್ನುತ್ತವೆ, ಚರ್ಮ ತರಚುತ್ತದೆ. ಅತಿ ಸಡಿಲವಾಗಿದ್ದರೆ ಪಾದ ಹೂತುಹೋಗುತ್ತದೆ. ಇವೆರಡಕ್ಕಿಂತಲೂ ಮೋಸದ್ದು ಅರ್ಧ ಗಟ್ಟಿ, ಅರ್ಧ ಸಡಿಲವಾದ ಅಂಕಣ; ಏಕೆಂದರೆ ಕಾಲು ಒಂದು ಬಗೆಯ ನೆಲಕ್ಕೆ ಹೊಂದಿಕೊಂಡು ಇನ್ನೊಂದರ ಮೇಲೆ ಬೀಳುತ್ತದೆ. ಗುಂಡಿಗೆ ಮಾತ್ರ ಒಂದು ಬುಟ್ಟಿ ಮಣ್ಣು ಸುರಿದು ಮುಚ್ಚಿದಾಗ ಆಗುವುದು ಇದೇ. ಗರಸು ಹಾಸಿ ಬಿಡುವುದೂ ಸಲ್ಲದು. ಕಲ್ಲು ಆರಿಸಿ, ಇಡೀ ಅಂಕಣದ ಮೇಲ್ಪದರವನ್ನು ಒಮ್ಮೆಗೇ ಅಗೆದು, ಜರಡಿ ಹಿಡಿದ ಮಣ್ಣನ್ನು ಸಮನಾಗಿ ಹರಡಿ, ನೀರು ಚಿಮುಕಿಸಿ ರೋಲರ್ ಹಾಯಿಸಬೇಕು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲವಷ್ಟೇ. ಒಂದು ಟ್ಯಾಂಕರ್ ನೀರು, ನಾಲ್ಕಾರು ಆಳುಗಳ ಕೆಲಸ. ಅಗಲದ 10 ಮೀಟರಿಗೆ 10 ಸೆಂಟಿಮೀಟರ್ ಇಳಿಜಾರು ಕೊಟ್ಟರೆ ಮಳೆನೀರು ನಿಲ್ಲದು.

ಅಂದಾಜುಪಟ್ಟಿಯಲ್ಲಿ ಆಗುವ ಒಂದು ಲೋಪವನ್ನು ಇಲ್ಲಿ ಹೇಳಲೇಬೇಕು. ವಾಲಿಬಾಲ್ ಅಂಕಣವೆಂದರೆ 18 ಮೀಟರ್ ಉದ್ದ, 9 ಮೀಟರ್ ಅಗಲ ಎಂದು ಬರೆದು, ಅಷ್ಟೇ ಜಾಗ ಬಿಟ್ಟು ಪಕ್ಕದಲ್ಲೇ ಚರಂಡಿ ಅಥವಾ ಕಾಂಪೌಂಡು ಕಟ್ಟಲಾಗುತ್ತದೆ. ನಿಯಮದ ಪ್ರಕಾರ ಸುತ್ತಲೂ ಕನಿಷ್ಠ 3 ಮೀಟರ್ ತೆರವು ಇರಬೇಕು. ಅಂದರೆ ಬೇಕಾಗುವುದು 24 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ. ಚೆಂಡಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಓಡುವವನಿಗೆ ಚರಂಡಿ ಕಾಣುವುದಿಲ್ಲ. ಧ್ವಜಸ್ತಂಭದ ಕಟ್ಟೆ, ವಿದ್ಯುತ್ ಕಂಬದ ಸ್ಟೇ ತಂತಿಗಳೂ ಇದೇ ಸಾಲಿಗೆ ಸೇರುತ್ತವೆ. ಶಾಲೆಯ ಕಬ್ಬಿಣದ ಗೋಲ್ ಕಂಬಗಳನ್ನು ನೆಲಕ್ಕೆ ಭದ್ರಪಡಿಸದಿದ್ದರೆ, ಮಕ್ಕಳು ಜೋತುಬಿದ್ದಾಗ ಅವು ಮಗುಚಿ ಪ್ರಾಣಹಾನಿಯಾದ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ.

ಇನ್ನು ದೇಹವನ್ನು ಸಜ್ಜುಗೊಳಿಸುವ ವಿಚಾರ. 2007ರಲ್ಲಿ ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಅಭ್ಯಾಸಕ್ಕೆ ಮುನ್ನ ಸುಮಾರು 20 ನಿಮಿಷ ನಿಧಾನ ಓಟ, ಒಂಟಿಕಾಲಿನ ಸಮತೋಲನ, ಸರಿಯಾಗಿ ನೆಗೆದು ಇಳಿಯುವ ಅಭ್ಯಾಸ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ. ಆದರೂ ಅತಿಥಿಗಳ ಭಾಷಣ ಮುಗಿಯುವವರೆಗೆ ಆಟಗಾರರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ನೇರವಾಗಿ ಪಂದ್ಯಕ್ಕಿಳಿಸುವ ರೂಢಿ ಇದೆ. ಭಾಷಣವನ್ನು ಮೊಟಕುಗೊಳಿಸಬಹುದು.

ಉಳುಕಿದ ಕಾಲನ್ನು ಎಳೆಯುವುದಾಗಲಿ, ಎಣ್ಣೆ ಹಾಕಿ ತಿಕ್ಕುವುದಾಗಲಿ ಕೂಡದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು, ಕಾಲನ್ನು ಎತ್ತರಿಸಿ ಮಲಗಿಸಬೇಕು. ಮೂಳೆ ಮುರಿತಕ್ಕೆ ಬಿದಿರಿನ ದಬ್ಬೆಯನ್ನು ಬಿಗಿದು ಕಟ್ಟಿಸಿಕೊಂಡು, ರಕ್ತಸಂಚಾರ ನಿಂತು, ಕೈಕಾಲು ಕಳೆದುಕೊಂಡವರಿದ್ದಾರೆ. ಬೆರಳು ತಣ್ಣಗಾದರೆ ಅಥವಾ ಜೋಮು ಹಿಡಿದರೆ ಕಟ್ಟನ್ನು ಸಡಿಲಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ತಲೆಗೆ ಪೆಟ್ಟಾಗಿ ಮಂಕಾದವನು ಆ ದಿನ ಮತ್ತೆ ಆಡಬಾರದು, ಅದು ಅಂತಿಮ ಪಂದ್ಯವಾದರೂ ಸರಿಯೇ. ಕುತ್ತಿಗೆಗೆ ಪೆಟ್ಟಾದವನನ್ನು ಕೈಕಾಲು ಹಿಡಿದು ಎತ್ತದೆ 108ಕ್ಕೆ ಕರೆ ಮಾಡಬೇಕು.

ಪಂದ್ಯಾವಳಿಗೆ ಪಂಚಾಯತಿಯ ಜಾಗವನ್ನು ಕೋರಿ ಅರ್ಜಿ ಬಂದಾಗ, ಅನುಮತಿ ಪತ್ರದಲ್ಲಿ ಅಂಕಣದ ಸಿದ್ಧತೆ, ಮಂಜುಗಡ್ಡೆ ಮತ್ತು ವಾಹನದ ಹೊಣೆ ಯಾರದೆಂದು ಹೆಸರಿಸಿ ಬರೆಯಿಸಬಹುದು. ಮುನ್ನಾದಿನ ಆ ವಾರ್ಡಿನ ಸದಸ್ಯರು ಸಂಘಟಕರೊಡನೆ ಅಂಕಣದ ಮೇಲೂ ಸುತ್ತಲೂ ಒಮ್ಮೆ ಚಪ್ಪಲಿ ಬಿಟ್ಟು ನಡೆದು ನೋಡಲಿ. ಅರ್ಧ ಗಂಟೆ ಸಾಕು. ಮಣ್ಣಿನ ಅಂಕಣದಲ್ಲಿ ಹಳ್ಳಿಯ ಹುಡುಗರು ಹೆಚ್ಚಾಗಿ ಬರಿಗಾಲಿನಲ್ಲೇ ಆಡುತ್ತಾರೆ.