ಕಿವಿ ಎಣಿಸಿದ್ದನ್ನೇ ಬರೆಯಿರಿ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಆಡಿದ ಮಾತು)



ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಕಾಯುತ್ತಿರಬಹುದು. ನಾನು ಹೇಳಬೇಕೆಂದಿರುವುದು ವಿಜ್ಞಾನದ ಪ್ರಯೋಗದ ವಹಿಯ ಬಗ್ಗೆ. ಹಿಂದಿನ ವರ್ಷದವರ ವಹಿ ನೋಡಿ ಅಂಕಿ ಇಳಿಸಿಕೊಳ್ಳುವ ರೂಢಿ ಶಾಲೆಗಳಲ್ಲಿ ಇದೆ. ಅದು ಸಣ್ಣ ವಿಷಯವಲ್ಲ.

ಒಂಬತ್ತನೆಯ ತರಗತಿಯಲ್ಲಿ ನಮ್ಮನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದರು. ವಿಜಯಪುರಕ್ಕೆ ಆಗಿನ್ನೂ ಬಿಜಾಪುರ ಎನ್ನುತ್ತಿದ್ದೆವು. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲಿನ ಪಿಸುಮಾತಿನ ಗ್ಯಾಲರಿಗೆ ಬಂದೆವು. ಗೈಡ್ ಚಪ್ಪಾಳೆ ತಟ್ಟಿ, "ಏಳು ಸಲ ಕೇಳಸ್ತದ" ಎಂದ. ಬಹಳ ಮಂದಿ ವಹಿಯಲ್ಲಿ ಏಳು ಎಂದೇ ಬರೆದರು. ನನಗೆ ಕೇಳಿಸಿದ್ದು ಐದು. ಅಂಜುತ್ತಲೇ ಐದು ಬರೆದೆ. ವಿಜ್ಞಾನದ ಸರ್ ಎಲ್ಲ ವಹಿ ನೋಡಿ ಒಂದೇ ಮಾತು ಕೇಳಿದರು: "ಇದನ್ನ ನಿಮ್ಮ ಕಿವಿ ಎಣಿಸ್ತೋ, ಗೈಡನ ಬಾಯಿ ಎಣಿಸ್ತೋ?"

ಆಮೇಲೆ ಅಲ್ಲೇ ಗೋಡೆಗೆ ಒರಗಿ ಲೆಕ್ಕ ಹೇಳಿಕೊಟ್ಟರು. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಸದ್ದು ಎದುರು ಗೋಡೆಗೆ ತಾಗಿ ಮರಳಲು 76 ಮೀಟರ್ ಓಡಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದಿಗೆ ಇದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು. ಹತ್ತನೆಯ ಒಂದು ಭಾಗದ ಅಂತರವಿದ್ದರೂ ಕಿವಿ ಎರಡನ್ನು ಬೇರೆಯಾಗಿ ಗುರುತಿಸುತ್ತದೆ, ಹಾಗಾಗಿ ಎಣಿಸಬಹುದು. ಪ್ರತಿ ಸಲ ಗೋಡೆ ಒಂದಿಷ್ಟು ಸದ್ದನ್ನು ನುಂಗುತ್ತದೆ. ಕೊನೆಯ ಮಾರ್ದನಿಗಳು ಜನರ ಗದ್ದಲದಲ್ಲಿ ಮುಳುಗುತ್ತವೆ. ಗದ್ದಲ ತಗ್ಗಿದಾಗ ಮತ್ತೆ ಎಣಿಸಿದೆವು. ನನಗೂ ಏಳು ಸಿಕ್ಕಿತು! ಅಂದರೆ ಗೈಡ್ ಸುಳ್ಳು ಹೇಳಿರಲಿಲ್ಲ. ಐದು ಕೇಳಿ ಏಳು ಬರೆದರೆ ಮಾತ್ರ ಸುಳ್ಳು. ಅಂದಿನಿಂದ ಸರ್ ವಹಿಯಲ್ಲಿ ಇನ್ನೆರಡು ಕಲಂ ಹಾಕಿಸಿದರು: ಎಷ್ಟು ಹೊತ್ತಿಗೆ, ಸುತ್ತ ಎಷ್ಟು ಜನ.

ಇದು ಮಕ್ಕಳಿಗಷ್ಟೇ ಹೇಳುವ ಮಾತಲ್ಲ. ಬಾಗಿದ ಗೋಡೆಯ ಗುಂಟ ಪಿಸುಮಾತು ಹೇಗೆ ಸಾಗುತ್ತದೆ ಎಂಬುದನ್ನು ನೊಬೆಲ್ ಪಡೆದ ಲಾರ್ಡ್ ರೇಲಿ ವಿವರಿಸಿಯಾಗಿತ್ತು. 1921ರಲ್ಲಿ ಲಂಡನ್ನಿಗೆ ಹೋದ ಸಿ.ವಿ. ರಾಮನ್, ಸದರ್ಲೆಂಡ್ ಜೊತೆ ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿಯಲ್ಲಿ ಪರೀಕ್ಷೆ ಮಾಡಿದರು. ಸದ್ದು ಒಂದು ಜಾಗದಲ್ಲಿ ಹೆಚ್ಚಿ ಇನ್ನೊಂದರಲ್ಲಿ ತಗ್ಗುತ್ತಿತ್ತು. ರೇಲಿಯವರ ವಿವರಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ದೊಡ್ಡವರ ಹೆಸರಿಗೆ ಅಂಜಿ ಅಂಕಿ ತಿದ್ದದೆ, ಕಂಡದ್ದನ್ನೇ ಪ್ರಕಟಿಸಿದರು. ಮುಂದೆ ನಮ್ಮ ಗೋಳಗುಮ್ಮಟವನ್ನೂ ಅಧ್ಯಯನ ಮಾಡಿದರು.

ನನ್ನ ಕೆಲಸದಲ್ಲೂ ಇದೇ ಪಾಡು. ಹತ್ತು ಸಲ ಟೆಸ್ಟ್ ಓಡಿಸಿ ಒಮ್ಮೆ ಫೇಲ್ ಆದರೆ, "ಅದೊಂದನ್ನು ಬಿಟ್ಟು ಬರಿ" ಎನ್ನುವವರು ಸಿಗುತ್ತಾರೆ. ಗ್ರಾಹಕರ ಮುಂದೆ ಕೈಕೊಡುವುದು ಬಿಟ್ಟ ಆ ಒಂದೇ. ಆಸ್ಪತ್ರೆಯ ಯಂತ್ರದೊಳಗಿನ ಸಾಫ್ಟ್‌ವೇರ್ ಆದರೆ ಏನು ಗತಿ, ನೀವೇ ಯೋಚಿಸಿ.

ಹೀಗಾಗಿ ಗುರುಗಳಲ್ಲಿ ಒಂದು ವಿನಂತಿ: ಉತ್ತರ ಪುಸ್ತಕಕ್ಕೆ ಹೊಂದಲಿಲ್ಲ ಎಂದು ಅಂಕ ಕಡಿಯಬೇಡಿ. ಯಾಕೆ ಹೊಂದಲಿಲ್ಲ ಎಂದು ಬರೆದ ಹುಡುಗಿಗೆ ಒಂದು ಅಂಕ ಹೆಚ್ಚೇ ಕೊಡಿ. ನಮ್ಮ ಬ್ಯಾಚಿನವರು ಪ್ರಯೋಗಾಲಯಕ್ಕೆ ಶ್ರುತಿಕವೆ, ಸ್ಟಾಪ್‌ವಾಚ್ ತಂದಿದ್ದೇವೆ, ಹೆಡ್‌ಮಾಸ್ತರರ ಕೋಣೆಯಲ್ಲಿವೆ. ದಯವಿಟ್ಟು ಕಪಾಟಿನಲ್ಲಿಟ್ಟು ಕೀಲಿ ಹಾಕಬೇಡಿ. ಹುಡುಗರ ಕೈಯಲ್ಲಿ ಕೆಟ್ಟರೆ ಮತ್ತೆ ತಂದುಕೊಡುತ್ತೇವೆ.