ಜೀಪಿನ ತುಕ್ಕು, ಮನೆಯ ಬೆಸುಗೆ

ಈ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಯಾವುದೋ ವಚನವನ್ನೋ, ಗಾದೆಯನ್ನೋ, ನಿಮಗೆ ಬೇಸರ ತರಿಸುವ ಒತ್ತಕ್ಷರವನ್ನೋ ಹಿಡಿದುಕೊಂಡು ಬರುತ್ತೇನೆ. ಕನ್ನಡ ಶಾಲೆಯ ದೊಡ್ಡ ಮಕ್ಕಳು ಹೋದ ತಿಂಗಳು, "ಆಂಟಿ, ಒಂದು ಸಲ ಬೇರೆ ಏನಾದರೂ ಮಾತಾಡಿ" ಅಂದರು. ಸರಿ, ಇವತ್ತು ಬೇರೆಯದೇ ವಿಷಯ. ಕಬ್ಬಿಣದ್ದು.

ನಾವಿರುವುದು ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಹತ್ತಿರ. ಎರಡು ವರ್ಷದ ಹಿಂದೆ ನನ್ನ ಮಗ ಬೇಸಿಗೆ ಕೆಲಸದಲ್ಲಿ ಉಳಿಸಿದ ದುಡ್ಡೆಲ್ಲ ಹಾಕಿ 1998ರ ಒಂದು ಜೀಪ್ ಚೆರೋಕಿ ಕೊಂಡು ತಂದ. ಕೆಂಪು ಬಣ್ಣ, ಚೌಕಾಕಾರ, ನಾವು ಚಿಕ್ಕವರಿದ್ದಾಗ ಬರೆಯುತ್ತಿದ್ದ ಕಾರಿನ ಚಿತ್ರದ ಹಾಗೆ. ಮಾರಿದವನು, "ತಳಕ್ಕೆ ಈಗಷ್ಟೇ ಹೊಸ ಕೋಟಿಂಗ್ ಹೊಡೆಸಿದ್ದೇನೆ" ಅಂದಿದ್ದ. ಬಗ್ಗಿ ನೋಡಿದರೆ ನಿಜವಾಗಿಯೂ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನಮ್ಮ ಮನೆಯವರು ಕೂಡ ಮೆಚ್ಚಿ ತಲೆಯಾಡಿಸಿದರು. ಹಳೇ ಗಾಡಿಯ ತಳ ಹೊಸದಾಗಿ ಮಿಂಚುತ್ತಿದ್ದರೆ ಅನುಮಾನಪಡಬೇಕು ಅನ್ನುವುದು ನಮಗೆ ಆಗ ಗೊತ್ತಿರಲಿಲ್ಲ.

ಮೂರನೆಯ ವಾರ ಜೋರು ಮಳೆ. ಅಣ್ಣನ ಜೊತೆ ಗ್ರಂಥಾಲಯಕ್ಕೆ ಹೋಗಿದ್ದ ಮಗಳು ಕಾಲುಚೀಲ ಹಿಂಡಿಕೊಂಡು ಒಳಗೆ ಬಂದಳು. "ಅಮ್ಮಾ, ಕಾರಿನೊಳಗೆ ಕೂತರೂ ಕಾಲು ಒದ್ದೆ!" ಕಾರ್ಪೆಟ್ ಎತ್ತಿ ನೋಡಿದೆವು. ಕಂದು ಬಣ್ಣದ ಪದರ, ನಮ್ಮೂರಿನ ಹಳೇ ಹೆಂಚಿನ ಚೂರುಗಳ ಹಾಗೆ. ಮಗ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದ. ಕಬ್ಬಿಣ 'ಠಣ್' ಅನ್ನಬೇಕು, ಇದು 'ಧಪ್' ಅಂದಿತು. ತುದಿಯಿಂದ ಒತ್ತಿದರೆ ಸೀದಾ ಆಚೆ ಹೋಯಿತು. ಆ ತೂತಿನಲ್ಲಿ ನಮ್ಮನೆ ಡ್ರೈವ್‌ವೇಯ ಸಿಮೆಂಟು ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ಕನ್ನಡದ ಮಾತು ಆಡದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಹಿತ್ತಾಳೆ, ತಾಮ್ರಕ್ಕೆ ಹಿಡಿಯುವುದು ಕಿಲುಬು. ಎರಡೂ ಒಂದೇ ಅಂತ ನೀವು ಅಂದುಕೊಂಡಿರಬಹುದು, ಅಲ್ಲ. ತಾಮ್ರದ ಕಿಲುಬು ಮೇಲೆ ಕೂತುಕೊಂಡು ಕೆಳಗಿನ ಲೋಹವನ್ನು ಒಂದಷ್ಟು ಕಾಯುತ್ತದೆ, ಹುಣಸೆಹಣ್ಣಿಗೆ ಬಿಟ್ಟುಹೋಗುತ್ತದೆ. ತುಕ್ಕು ಹಾಗಲ್ಲ. ಅದು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಊದಿಕೊಳ್ಳುತ್ತದೆ, ಬಣ್ಣವನ್ನು ಗುಳ್ಳೆ ಎಬ್ಬಿಸಿ ಒಡೆಯುತ್ತದೆ, ಪದರ ಪದರವಾಗಿ ಉದುರಿ ಕೆಳಗಿನ ಹೊಸ ಕಬ್ಬಿಣವನ್ನು ಗಾಳಿ ನೀರಿಗೆ ಒಪ್ಪಿಸಿಬಿಡುತ್ತದೆ. ಹೊರಗೆ ಒಂದು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹೋಗಿದೆ ಅಂತಲೇ ಲೆಕ್ಕ.

ಇದಕ್ಕೆ ಉಪ್ಪು ಸೇರಿದರೆ ಮುಗಿಯಿತು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದು ಹಿಮವನ್ನು ಕರಗಿಸುವುದರ ಜೊತೆಗೆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವ ಹಾಗೆ ಮಾಡುತ್ತದೆ. ತುಕ್ಕು ಹಿಡಿಯುವುದೂ ಒಂದು ಸಣ್ಣ ಬ್ಯಾಟರಿ ಕೆಲಸ ಮಾಡಿದ ಹಾಗೆಯೇ. ಉಪ್ಪುನೀರು ಆ ಬ್ಯಾಟರಿಯನ್ನು ಚುರುಕುಗೊಳಿಸುತ್ತದೆ. ನಾವು ಬೂಟಿನಲ್ಲಿ ಅಂಟಿಸಿಕೊಂಡು ಬಂದ ಉಪ್ಪುಹಿಮ ಒಳಗೆ ಕರಗಿ, ಕಾರ್ಪೆಟ್ಟಿನ ಕೆಳಗಿನ ಮೆತ್ತೆಗೆ ಇಳಿದು, ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಹೀಗೆ ನೆಲ ಒಳಗಿನಿಂದಲೂ ಹೊರಗಿನಿಂದಲೂ ಸವೆಯುತ್ತದೆ. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 350 ಮೀಟರ್ ಆಳದಲ್ಲಿ, ಒಂದು ದೊಡ್ಡ ಉಪ್ಪಿನ ಗಣಿಯಿದೆ. ಮೇಲೆ ಕಾರು ಕಟ್ಟುವ ಊರು, ಕೆಳಗೆ ಕಾರು ತಿನ್ನುವ ಉಪ್ಪು! ಇದನ್ನು ಯೋಚಿಸಿದಾಗೆಲ್ಲ ನನಗೆ ನಗು ಬರುತ್ತದೆ.

ನಮ್ಮ ಮಲೆನಾಡಿನಲ್ಲೂ ಜೀಪುಗಳಿಗೆ ತುಕ್ಕು ಹಿಡಿಯುತ್ತಿತ್ತು, ಅದು ಮಳೆಯ ತುಕ್ಕು. ನನ್ನ ದೊಡ್ಡಪ್ಪನ ಅಡಿಕೆ ಸಾಗಿಸುವ ಮಹೀಂದ್ರ ಜೀಪನ್ನು ಮಳೆಗಾಲ ಮುಗಿದ ಮೇಲೆ ಪೇಟೆಯ ಟಿಂಕರಿಂಗ್ ಶೆಡ್ಡಿಗೆ ಬಿಡುತ್ತಿದ್ದರು. ಅಲ್ಲಿ ಗ್ಯಾಸ್ ವೆಲ್ಡಿಂಗಿನಲ್ಲಿ ಒಂದು ತಗಡು ಹಚ್ಚಿ ಕೊಟ್ಟರೆ ಮುಂದಿನ ಮಳೆಗಾಲದವರೆಗೆ ಚಿಂತೆಯಿಲ್ಲ. ಆ ಜೀಪಿಗೆ ಕೆಳಗೆ ಬೇರೆಯೇ ಆದ ಗಟ್ಟಿ ಚಾಸಿ ಇತ್ತು, ನೆಲ ಹೋದರೂ ಗಾಡಿ ನಿಲ್ಲುತ್ತಿತ್ತು. ಚೆರೋಕಿಯ ಕಥೆ ಬೇರೆ. 1984ರಿಂದ 2001ರವರೆಗೆ ಬಂದ ಈ ಮಾದರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡು, ಅದರಡಿಗೆ ಬೆಸೆದ ಪೆಟ್ಟಿಗೆಯಂಥ ಉದ್ದ ತೊಲೆಗಳು, ಬಾಗಿಲ ಕೆಳಗಿನ ಪಟ್ಟಿ, ಎಲ್ಲ ಸೇರಿಯೇ ಗಾಡಿಯ ಬೆನ್ನೆಲುಬು. ಸೀಟಿನ ಬೋಲ್ಟುಗಳು ಕೂರುವುದೂ ಆ ನೆಲದ ಮೇಲೆಯೇ.

ಮಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಅಮ್ಮಾ, ಒಂದು ತಗಡು ಇಟ್ಟು ರಿವೆಟ್ ಹೊಡೆದು, ಮೇಲೆ ಕಪ್ಪು ಸ್ಪ್ರೇ ಮಾಡಿ ಮಾರಿಬಿಡ್ತೀನಿ. ನಮಗೂ ಹಾಗೇ ತಾನೇ ಮಾರಿದ್ದು?" ಅಂದ. ನನಗೆ ಸಿಟ್ಟು ಬಂತು, ಆದರೆ ಬಾಯಿಗೆ ಮಾತು ಬರಲಿಲ್ಲ. ಯಾಕೆಂದರೆ ಅವನ ದುಡ್ಡು ಹೋಗಿತ್ತು, ಅವನ ಅಸಮಾಧಾನ ಸುಳ್ಳಲ್ಲ. ಇನ್ನೊಂದು ವಿಷಯ. ಮಿಶಿಗನ್ನಿನಲ್ಲಿ ಗಾಡಿಗಳಿಗೆ ವರ್ಷ ವರ್ಷದ ಕಡ್ಡಾಯ ತಪಾಸಣೆ ಇಲ್ಲ. ಬ್ರಿಟನ್ನಿನಲ್ಲಿ ಕೇಳುತ್ತಿರುವವರಿಗೆ ಎಂಓಟಿ ಗೊತ್ತು, ಜರ್ಮನಿಯವರಿಗೆ ಎರಡು ವರ್ಷಕ್ಕೊಮ್ಮೆಯ ಟ್ಯೂವ್ ಗೊತ್ತು. ಬ್ರಿಟನ್ನಿನಲ್ಲಂತೂ ಸೀಟ್ ಬೆಲ್ಟ್ ಹಿಡಿದಿರುವ ಜಾಗದಿಂದ 30 ಸೆಂಟಿಮೀಟರಿನ ಒಳಗೆ ಕಬ್ಬಿಣ ಜೀರ್ಣವಾಗಿದ್ದರೆ ಪಾಸು ಮಾಡುವುದಿಲ್ಲ. ಇಲ್ಲಿ ಕೇಳುವವರು ಯಾರೂ ಇಲ್ಲ. ಮಾರಿದ್ದರೆ ಮಾರಿಯೇಬಿಡಬಹುದಿತ್ತು.

ಪಕ್ಕದ ಮನೆಯ ತಾತ ಕಾರ್ಖಾನೆಯ ಬಾಡಿ ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಬಂದು ಗಾಡಿಯ ಕೆಳಗೆ ಟಾರ್ಚು ಹಾಕಿ ನೋಡಿದರು. ಎದ್ದು ಕೈ ಒರೆಸಿಕೊಂಡು, ಎಡಗಡೆಯ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದರು. ಸೀಟಿನ ಜೊತೆ ನೆಲವೂ ಅಲುಗಿತು. ನಂತರ ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಕೊಳ್ಳುವವನು ಇಲ್ಲಿ ಯಾರನ್ನು ಕೂರಿಸುತ್ತಾನೆ?" ಮಗಳು ಅಲ್ಲೇ ನಿಂತಿದ್ದಳು, ಕೈಯಲ್ಲಿ ಐಸ್‌ಕ್ರೀಮು. ಮಗ ರಿವೆಟ್ಟಿನ ಡಬ್ಬ ಮುಚ್ಚಿಟ್ಟ.

ಹೀಗೆ ನಮ್ಮ ಗ್ಯಾರೇಜಿಗೆ ಮನೆಯ ಸಾಕೆಟ್ಟಿಗೇ ಹಾಕಬಹುದಾದ ಒಂದು ಸಣ್ಣ ಮಿಗ್ ವೆಲ್ಡಿಂಗ್ ಯಂತ್ರ ಬಂತು. ಕಲಿಯಬೇಕಾಗಿದ್ದವನು ಅವನು. ಒಬ್ಬನನ್ನೇ ಬೆಂಕಿಯ ಜೊತೆ ಬಿಡಲು ಮನಸ್ಸು ಒಪ್ಪದೆ ನಾನೂ ಒಂದು ಮುಖಕವಚ ಕೊಂಡೆ. ಕನ್ನಡ ಎಂಎ ಓದುವಾಗ ಇಂಥ ದಿನ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಮೊದಲ ವಾರ ಬರೀ ಹಳೇ ತಗಡಿನ ಮೇಲೆ ಅಭ್ಯಾಸ. ಬೆಸುಗೆ ಅನ್ನುವುದಕ್ಕಿಂತ ಗುಬ್ಬಚ್ಚಿಯ ಹಿಕ್ಕೆ ಅನ್ನಬಹುದಿತ್ತು. ಎಲ್ಲ ಕಡೆ ಸಿಡಿದ ಗುಂಡು ಗುಂಡು ಚೂರು, ಬೆರಳಲ್ಲಿ ತಳ್ಳಿದರೆ ಕಿತ್ತು ಬರುತ್ತಿತ್ತು. ಮಗ ಯಂತ್ರವನ್ನೇ ಬೈದ. ತಾತ ಬಂದು ಯಂತ್ರದ ಪಕ್ಕದ ಬಾಗಿಲು ತೆಗೆದು, ಒಳಗಿನ ಎರಡು ತಂತಿಗಳನ್ನು ಅದಲು ಬದಲು ಮಾಡಿದರು. ಅಷ್ಟೇ. ನಾವು ಹಾಕಿದ್ದು ಹೊಟ್ಟೆಯೊಳಗೇ ಪುಡಿ ತುಂಬಿರುವ ಫ್ಲಕ್ಸ್ ಕೋರ್ ತಂತಿ, ಅದಕ್ಕೆ ಗನ್ನು ನೆಗೆಟಿವ್ ಇರಬೇಕು. ಗ್ಯಾಸಿನ ಜೊತೆ ಬಳಸುವ ಗಟ್ಟಿ ತಂತಿಗೆ ಪಾಸಿಟಿವ್. ಯಂತ್ರ ಎರಡನೆಯದಕ್ಕೆ ಜೋಡಿಸಿಕೊಂಡು ಬಂದಿತ್ತು, ನಾವು ಪುಸ್ತಕ ಓದಿರಲಿಲ್ಲ. ಪುಸ್ತಕ ಓದಿ ಅಂತ ಊರಿಗೆಲ್ಲ ಹೇಳುವವಳು ನಾನು!

ಆಮೇಲೆ ಮುಕ್ಕಾಲು ಪಾಲು ಆರ್ಗಾನ್, ಕಾಲು ಪಾಲು ಕಾರ್ಬನ್ ಡೈಆಕ್ಸೈಡ್ ಇರುವ ಸಿಲಿಂಡರ್ ತಂದೆವು, 0.6 ಮಿಲಿಮೀಟರಿನ ತಂತಿ ಹಾಕಿದೆವು. ತೆಳು ತಗಡಿಗೆ ಅದೇ ಹಿತ.

ಈಗ ಕೆಲಸದ ಮುಖ್ಯ ಭಾಗ. ತುಕ್ಕಿನ ಮೇಲೆ ಬೆಸುಗೆ ಕೂರುವುದಿಲ್ಲ. ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಬೇಕು. ಇದಕ್ಕೆ ಎದೆಗಾರಿಕೆ ಬೇಕು, ಯಾಕೆಂದರೆ ಸಣ್ಣ ತೂತು ಅಂದುಕೊಂಡು ಶುರು ಮಾಡಿದ್ದು ಊಟದ ತಟ್ಟೆಯಷ್ಟಾಗುತ್ತದೆ, ಆಮೇಲೆ ಎರಡು ತಟ್ಟೆ. ತೂತಿನ ಆಕಾರಕ್ಕೆ ಸೀರಿಯಲ್ ಡಬ್ಬದ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದನ್ನು 18 ಗೇಜಿನ ತಗಡಿನ ಮೇಲಿಟ್ಟು ಗೀಟು ಹಾಕಿದೆವು. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ರವಿಕೆ ಹೊಲಿಯುವವರಿಗೆ ಈ ಕೆಲಸ ಹೊಸದಲ್ಲ. ತೇಪೆಯ ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಬೇಗ ಸುಟ್ಟು ಹೋಗುತ್ತದೆ, ಬಿರುಕೂ ಅಲ್ಲಿಂದಲೇ ಶುರು.

ಕಬ್ಬಿಣ ಕಾದಾಗಲೇ ಬಡಿಯಬೇಕು ಅಂತ ನಮ್ಮ ಗಾದೆ. ತೆಳು ತಗಡಿನ ಬೆಸುಗೆಯಲ್ಲಿ ಇದು ತಿರುಗುಮುರುಗು, ಕಾದ ಜಾಗದಿಂದ ಓಡಿಹೋಗಬೇಕು. ಒಂದೇ ಉಸಿರಿಗೆ ಉದ್ದಕ್ಕೆ ಬೆಸೆದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಇಲ್ಲವೇ ತೂತು ಬೀಳುತ್ತದೆ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಎದುರು ಮೂಲೆಯಲ್ಲಿ, ಮತ್ತೊಂದು ಪಕ್ಕದಲ್ಲಿ. ಆರಲು ಬಿಟ್ಟು, ಚುಕ್ಕಿಗಳ ನಡುವೆ ಮತ್ತೆ ಚುಕ್ಕಿ. ಕೊನೆಗೆ ಎಲ್ಲ ಕೂಡಿ ಒಂದು ಗೆರೆ. "ಇದು ರಂಗೋಲಿ ಕಣೋ" ಅಂದೆ. ಆಮೇಲೆ ಅವನ ಕೈ ಸರಿಯಾಯಿತು. ಅವನಿಗೆ ರಂಗೋಲಿ ಬರುವುದಿಲ್ಲ, ಆದರೆ ಪ್ರತಿ ಯುಗಾದಿಗೆ ನಾನು ಚುಕ್ಕಿ ಇಡುವುದನ್ನು ನೋಡಿದ್ದಾನೆ. ತೂತು ಬಿದ್ದ ಕಡೆ ಹಿಂದಿನಿಂದ ತಾಮ್ರದ ತುಂಡು ಒತ್ತಿ ಹಿಡಿದರೆ ತುಂಬಬಹುದು. ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ, ತಾಮ್ರ ಶಾಖವನ್ನೂ ಎಳೆದುಕೊಳ್ಳುತ್ತದೆ. ಮಗ ನನ್ನ ದೇವರ ಮನೆಯ ಚೊಂಬಿನ ಮೇಲೆ ಕಣ್ಣು ಹಾಕಿದ್ದ. ಹಳೇ ನಲ್ಲಿ ಪೈಪನ್ನು ಜಜ್ಜಿ ಕೊಟ್ಟೆ.

ಅಪಾಯದ ಮಾತು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದಯವಿಟ್ಟು ಬೇರೆ ಕಡೆ ತಿರುಗಿಸಬೇಡಿ. ನಾಲ್ಕನೆಯ ವಾರ, ಮಗ ಒಳಗೆ ಬೆಸೆಯುತ್ತಿದ್ದ, ನಾನು ಹೊರಗೆ ಸ್ಟೂಲಿನ ಮೇಲೆ ಕಾವಲು. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ನಂದಾದೀಪದಷ್ಟು ಬೆಂಕಿ ಉರಿಯುತ್ತಿದೆ. ಮಾರಿದವನು ತುಕ್ಕು ಮುಚ್ಚಲು ಬಳಿದಿದ್ದ ಆ ಕಪ್ಪು ಕೋಟಿಂಗ್ ಹತ್ತಿಕೊಂಡಿತ್ತು. ಒಳಗಿರುವವನಿಗೆ ಅದು ಕಾಣುವುದೇ ಇಲ್ಲ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದಲೇ ಆರಿತು, ಆದರೆ ಅಲ್ಲಿಂದ ಒಂದು ಮೊಳ ಆಚೆಗೆ ಪೆಟ್ರೋಲಿನ ನಳಿಗೆ ಇತ್ತು. ಆ ದಿನ ಕೆಲಸ ನಿಲ್ಲಿಸಿದೆವು. ಬೆಸೆಯುವ ಜಾಗದ ಸುತ್ತ ಕೋಟಿಂಗನ್ನೆಲ್ಲ ಎರಡು ಕಡೆಯಿಂದಲೂ ಕೆರೆದು ತೆಗೆಯುವವರೆಗೆ, ನಳಿಗೆಗಳನ್ನು ಬಿಚ್ಚಿ ಪಕ್ಕಕ್ಕಿಡುವವರೆಗೆ ಯಂತ್ರ ಮುಟ್ಟಲಿಲ್ಲ. ಸೀಟು, ಕಾರ್ಪೆಟ್ ಹೊರಗೆ, ಬ್ಯಾಟರಿ ಬಿಚ್ಚಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ, ಮತ್ತು ಕಾಯಲು ಇನ್ನೊಬ್ಬರು. ಕೆಲಸ ಮುಗಿದ ಮೇಲೆ ಒಂದು ಗಂಟೆ ನಾನು ಅಲ್ಲೇ ಕೂತು ಅವರೆಕಾಳು ಸುಲಿಯುತ್ತಿದ್ದೆ. ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಸತುವಿನ ಲೇಪವಿರುವ ತಗಡನ್ನು ಹಾಗೇ ಬೆಸೆಯಬೇಡಿ, ಆ ಹೊಗೆಗೆ ಚಳಿಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗವನ್ನಂತೂ ಬೆಸೆಯಲೇಬೇಡಿ. ಅದರಿಂದ ಫಾಸ್ಜೀನ್ ಹುಟ್ಟಬಹುದು, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ.

ಹತ್ತಿ ಬಟ್ಟೆ ಹಾಕಿಕೊಳ್ಳಿ, ಕತ್ತಿನವರೆಗೆ ಮುಚ್ಚಿಕೊಳ್ಳಿ. ನಾನು ಚೂಡಿದಾರದಲ್ಲಿ ನಿಂತು ಬೆಸೆದ ದಿನ ಕತ್ತಿನ ಕೆಳಗೆ ಸರಿಯಾಗಿ ತ್ರಿಕೋನಾಕಾರದಲ್ಲಿ ಚರ್ಮ ಸುಟ್ಟು ಕೆಂಪಾಯಿತು, ಬಿಸಿಲಿಗೆ ಸುಟ್ಟ ಹಾಗೆ. ದೇವಸ್ಥಾನದಲ್ಲಿ ಎಲ್ಲರೂ, "ಯಾವ ಬೀಚಿಗೆ ಹೋಗಿದ್ರಿ?" ಅಂತ ಕೇಳಿದರು.

ಎಲ್ಲವನ್ನೂ ನಾವೇ ಮಾಡಲಿಲ್ಲ. ಮುಂದಿನ ಎರಡೂ ನೆಲ ನಮ್ಮದು. ಸೀಟಿನ ಬೋಲ್ಟಿನ ಜಾಗವನ್ನು ತಾತ ಪಕ್ಕದಲ್ಲಿ ನಿಂತು ಎರಡು ಸಲ ಕತ್ತರಿಸಿಸಿ ಮತ್ತೆ ಮಾಡಿಸಿದರು. ಆದರೆ ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದಿರುವ ತೊಲೆಯೂ ಹೋಗಿತ್ತು. "ಇದು ನಿನ್ನ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇನ್ನಿಲ್ಲ" ಅಂದರು ಅವರು. ಅದನ್ನು ಕಸುಬು ಬಲ್ಲವರ ಬಳಿ ಕೊಟ್ಟೆವು. ಮಗನ ಎರಡು ತಿಂಗಳ ಸಂಬಳ ಹೋಯಿತು. ಗಾಡಿ ಕೊಂಡದ್ದಕ್ಕಿಂತ ಹೆಚ್ಚಿಗೆ ಅದಕ್ಕೆ ಸುರಿದಿದ್ದಾನೆ, ಇದರಲ್ಲಿ ಲಾಭವಿದೆ ಅಂತ ನಾನು ಹೇಳಲಾರೆ. ನಮ್ಮ ಮನೆಯವರು ಈಗಲೂ ಲೆಕ್ಕ ಹೇಳುತ್ತಾರೆ.

ಬೆಸೆದ ಮೇಲೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಬಣ್ಣ, ಪೆಟ್ಟಿಗೆ ತೊಲೆಗಳ ಒಳಗೆ ಉದ್ದ ನಳಿಗೆಯಿಂದ ಮೇಣ. ಈ ಭಾಗ ಬೇಜಾರಿನದು, ಆದರೆ ಬಿಟ್ಟರೆ ಎರಡೇ ಚಳಿಗಾಲಕ್ಕೆ ಮತ್ತೆ ಮೊದಲಿನ ಸ್ಥಿತಿ. ಕೊನೆಗೆ ಮಗಳು ಎರಡು ಬಕೆಟ್ ನೀರು ಹೊಯ್ದು ಪರೀಕ್ಷೆ ಮಾಡಿದಳು. ಒಂದು ಸಂದಿನಲ್ಲಿ ಜಿನುಗಿತು, ಅದನ್ನು ಮತ್ತೆ ಮುಚ್ಚಿದೆವು.

ಕಾರ್ಪೆಟ್ ಹಾಸುವ ಮೊದಲು ಮಗ ಕೇಳಿದ: "ಅಮ್ಮಾ, ವೆಲ್ಡಿಂಗಿಗೆ ಕನ್ನಡದಲ್ಲಿ ಏನಂತಾರೆ?" ಬೆಸುಗೆ ಅಂದೆ, ಒಳಗೆ ಕುಕ್ಕರ್ ಕೂಗಿತು ಅಂತ ಹೋದೆ. ಬಂದು ನೋಡಿದರೆ ಚಾಲಕನ ಸೀಟಿನ ಕೆಳಗೆ, ಹೊಸ ಬಣ್ಣದ ಮೇಲೆ, ಬಿಳಿ ಪೆನ್ನಿನಲ್ಲಿ ದೊಡ್ಡದಾಗಿ ಕನ್ನಡದಲ್ಲೇ ಬರೆದಿದ್ದಾನೆ: 'ಬೇಸಿಗೆ', ಕೆಳಗೆ ಅವನ ಹೆಸರು, ತಂಗಿಯ ಹೆಸರು. ನಾನು ತಿದ್ದಲಿಲ್ಲ. ಕೆಲಸ ನಡೆದದ್ದೂ ಬೇಸಿಗೆಯಲ್ಲೇ. ಅದರ ಮೇಲೆ ಕಾರ್ಪೆಟ್ ಹಾಸಿ ಸೀಟಿನ ಬೋಲ್ಟು ಬಿಗಿದೆವು.